ಬದನೆಕಾಯಿಯ ನಂಜು ಮತ್ತು ಇತರ ಗೊಂದಲಗಳು

ಮೈಸೂರು ಸೀಮೆಯಲ್ಲಿ ಬದನೆಕಾಯಿ ಅಂದರೆ ನಂಜು. ಗಾಯ ಆದವರಿಗೆ, ಕಜ್ಜಿ ಎದ್ದವರಿಗೆ, ಬಾಣಂತಿಗೆ ಬಡಿಸುವುದಿಲ್ಲ. ಯಾಕೆ ಎಂದು ಕೇಳಿದರೆ ‘ನಂಜು’ ಅನ್ನುವುದೇ ಉತ್ತರ, ಅಲ್ಲಿಗೆ ಮಾತು ಮುಗಿಯಿತು. ಇದನ್ನು ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ ಎಂದು ಹುಡುಕಿದೆ. ನೋಡಿದ್ದಾರೆ, ಅದೂ ಮೈಸೂರಿನಲ್ಲೇ. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಊರಿನ ಅಲರ್ಜಿ ವೈದ್ಯರ ಜೊತೆ ಸೇರಿ 741 ಜನರನ್ನು ತಪಾಸಣೆ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ ಸುಮಾರು ಒಂಬತ್ತು ಮಂದಿಯಲ್ಲಿ ಬದನೆಗೆ ಮೈ ತಿರುಗಿಬೀಳುವ ಸುಳಿವು ಸಿಕ್ಕಿತು. ಆದರೆ ಐಜಿಇ ಎಂಬ ಪ್ರತಿಕಾಯದಿಂದ ಆಗುವ, ವೈದ್ಯರು ಅಲರ್ಜಿ ಎಂದು ಒಪ್ಪುವಂಥದ್ದು ನೂರಕ್ಕೆ ಒಬ್ಬರಿಗೂ ಇರಲಿಲ್ಲ: ಶೇ 0.8. ತೊಂದರೆ ಹೆಂಗಸರಲ್ಲಿ ಹೆಚ್ಚು.

ಉಳಿದವರಿಗೆ ಆಗುತ್ತಿದ್ದುದೇನು? ಬದನೆಕಾಯಿಯೊಳಗೇ ಹಿಸ್ಟಮಿನ್ ಇದೆ. ಅಲರ್ಜಿ ಆದಾಗ ನಮ್ಮ ಮೈ ತಾನಾಗಿ ಸುರಿಸಿಕೊಳ್ಳುವ, ತುರಿಕೆ ಎಬ್ಬಿಸುವ ರಾಸಾಯನಿಕವೂ ಅದೇ. ಹಾಗಾದರೆ ಅಜ್ಜಿಯರು ಹೇಳಿದ ನಂಜಿನಲ್ಲಿ ಒಂದು ಪಾಲು ಅಲರ್ಜಿಯ ವೇಷ ಹಾಕಿದ ಬೇರೇನೋ ಇರಬಹುದು. ಅಜ್ಜಿಯರದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಈ ವಿಷಯದಲ್ಲಿ ಏನನ್ನು ಓದಿದರೂ ಕೊನೆಗೆ ಇದೇ ಜಾಗಕ್ಕೆ ಬಂದು ನಿಲ್ಲುತ್ತೇನೆ.

*

ಇನ್ನೂ ದೊಡ್ಡ ಗೊಂದಲ. ಯೂರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾರತದ ಭಾಗ ನಡೆದದ್ದು ಕರ್ನಾಟಕದಲ್ಲಿ. 20ರಿಂದ 54 ವರ್ಷದ 11,791 ಜನರನ್ನು ಮಾತಾಡಿಸಿ, ಅವರಲ್ಲಿ ಆಯ್ದವರ ರಕ್ತ ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2016ರಲ್ಲಿ. ಯಾವುದಾದರೂ ಒಂದು ಆಹಾರದ ವಿರುದ್ಧ ಐಜಿಇ ಹೊತ್ತವರು ಶೇ 26.5. ಆ ಆಹಾರ ತಿಂದಾಗ ನಿಜಕ್ಕೂ ತೊಂದರೆ ಆಗುವಂಥವರು ಶೇ 1.2.

ಅಂದರೆ ನಾಲ್ಕರಲ್ಲಿ ಒಬ್ಬರ ರಕ್ತ ‘ಇದು ಶತ್ರು’ ಎಂದು ಬರೆದಿಟ್ಟುಕೊಂಡಿದೆ. ಹಾಗೆ ಬರೆದುಕೊಂಡವರಲ್ಲಿ ಬಹುಪಾಲು ಜನ ಅದನ್ನೇ ಬಡಿಸಿಕೊಂಡು ಉಂಡು ಎದ್ದು ಕೈ ತೊಳೆಯುತ್ತಿದ್ದಾರೆ. ಇದೇ ಯೋಜನೆಯಲ್ಲಿ ಏಳರಿಂದ ಹತ್ತು ವರ್ಷದ ಮಕ್ಕಳನ್ನೂ ನೋಡಿದ್ದರು. ಹಾಂಗ್‌ಕಾಂಗ್‌ನಲ್ಲಿ ಆಹಾರದ ಅಲರ್ಜಿ ಶೇ 1.5, ಇಲ್ಲಿ ಶೇ 0.14.

ವಿವರಣೆಗಳಿವೆ. ಪರಾಗದ ಪ್ರೋಟೀನಿಗೂ ಹಣ್ಣು, ಕಾಳಿನ ಪ್ರೋಟೀನಿಗೂ ಹೋಲಿಕೆ ಇರುವುದರಿಂದ ಹೂವಿನ ಪುಡಿಗೆ ಹುಟ್ಟಿದ ಪ್ರತಿಕಾಯ ಪರೀಕ್ಷೆಯಲ್ಲಿ ಕಾಳಿಗೂ ಅಂಟಿಕೊಳ್ಳುತ್ತದೆ. ಗಿಡಗಳ ಪ್ರೋಟೀನಿಗೆ ಅಂಟಿರುವ ಸಕ್ಕರೆಯ ಸರಪಳಿಗಳನ್ನು ಹಿಡಿಯುವ ಪ್ರತಿಕಾಯಗಳಿರುತ್ತವೆ, ಅವು ಹೆಚ್ಚೂಕಡಿಮೆ ನಿರುಪದ್ರವಿ. ಹೊಟ್ಟೆಯ ಜಂತುಹುಳುಗಳೂ ಐಜಿಇಯನ್ನು ಏರಿಸುತ್ತವೆ. ಎಲ್ಲವೂ ಸರಿಯೇ. ಆದರೂ 26.5ರಿಂದ 1.2ಕ್ಕೆ ಇಳಿಯುವ ದಾರಿಯಲ್ಲಿ ಏನೇನು ನಡೆಯುತ್ತದೆ ಎನ್ನುವುದು ಇಷ್ಟರಿಂದ ಪೂರ್ತಿ ತಿಳಿಯುವುದಿಲ್ಲ.

*

ಅತ್ತಿಗೆ ಒಂದು ಲ್ಯಾಬಿನ ‘ಅಲರ್ಜಿ ಪ್ಯಾಕೇಜ್’ ಮಾಡಿಸಿಕೊಂಡು ಬಂದಿದ್ದರು. ಪುಟಗಟ್ಟಲೆ ಪಟ್ಟಿ, ಕೆಂಪು ಹಳದಿ ಹಸಿರು ಬಣ್ಣ.

“ತೊಗರಿಬೇಳೆನೂ ಬರೆದಿದ್ದಾರೆ ನೋಡೋ. ಇನ್ನು ಸಾರಿಗೆ ಏನು ಹಾಕ್ಲಿ?”

“ಇಷ್ಟು ದಿನ ತಿಂದಾಗ ಏನಾಗ್ತಿತ್ತು ಅತ್ತಿಗೆ?”

“ಏನೂ ಆಗ್ತಿರ್ಲಿಲ್ಲ. ಅದಕ್ಕೇ ಗೊತ್ತಾಗಿರ್ಲಿಲ್ಲ.”

ಮೇಲಿನ 26.5 ಮತ್ತು 1.2ರ ನಡುವಿನ ಕಂದಕದಲ್ಲಿ ಇಂಥ ಪ್ಯಾಕೇಜುಗಳ ವ್ಯಾಪಾರ ನಡೆಯುತ್ತದೆ ಎಂದು ನನ್ನ ಗುಮಾನಿ. ತಿಂದಾಗ ಏನಾಯಿತು ಎನ್ನುವ ಕಥೆ ಕೇಳದೆ ನೂರಾರು ಪದಾರ್ಥಗಳಿಗೆ ಒಟ್ಟಿಗೆ ರಕ್ತ ಪರೀಕ್ಷೆ ಮಾಡಬಾರದು ಎಂದು ಅಲರ್ಜಿ ತಜ್ಞರ ಸಂಘಗಳು ವರ್ಷಗಳಿಂದ ಹೇಳುತ್ತಲೇ ಇವೆ. ಕೆಲವು ಲ್ಯಾಬುಗಳು ಐಜಿಇ ಬಿಟ್ಟು ಐಜಿಜಿ ಎಂಬ ಇನ್ನೊಂದು ಪ್ರತಿಕಾಯ ಅಳೆದು ಪಟ್ಟಿ ಕೊಡುತ್ತವೆ. ಐಜಿಜಿ ಇದ್ದರೆ ಆ ಆಹಾರ ತಿಂದಿದ್ದೀರಿ ಎಂದಷ್ಟೇ ಅರ್ಥ. ಅದನ್ನು ತಿಳಿಯಲು ದುಡ್ಡು ಕೊಡಬೇಕೆ?

*

ಶೇಂಗಾ. ಇದರ ಮೇಲೆ ಪುಟಗಟ್ಟಲೆ ಬರೆದುಕೊಂಡಿದ್ದೇನೆ, ಯಾಕೆಂದರೆ ಈ ಮೂವತ್ತು ವರ್ಷಗಳಲ್ಲಿ ವೈದ್ಯಲೋಕ ತಾನು ಕೊಟ್ಟ ಸಲಹೆಯನ್ನು ಇಷ್ಟು ನೇರವಾಗಿ ತಲೆಕೆಳಗು ಮಾಡಿದ ಇನ್ನೊಂದು ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ.

2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿತು: ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಬೇಡ. ಬ್ರಿಟನ್ನಿನಲ್ಲೂ ಇಂಥದೇ ಸಲಹೆ. ತಾಯಂದಿರು ಪಾಲಿಸಿದರು. ಶೇಂಗಾ ಅಲರ್ಜಿ ಏರುತ್ತಲೇ ಹೋಯಿತು. ಲಂಡನ್ನಿನ ವೈದ್ಯ ಗಿಡಿಯಾನ್ ಲ್ಯಾಕ್ ಮತ್ತು ಜೊತೆಗಾರರು ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿ 2008ರಲ್ಲಿ ಬರೆದರು. ಬ್ರಿಟನ್ನಿನಲ್ಲಿ ಶೇ 1.85 ಮಕ್ಕಳಿಗೆ ಶೇಂಗಾ ಅಲರ್ಜಿ, ಇಸ್ರೇಲಿನಲ್ಲಿ ಶೇ 0.17. ವಂಶ ಒಂದೇ, ವ್ಯತ್ಯಾಸ ಹತ್ತು ಪಟ್ಟು. ಇಸ್ರೇಲಿನ ಕೂಸುಗಳು ಹಲ್ಲು ಬರುವ ಮೊದಲೇ ಬಾಂಬಾ ಎನ್ನುವ, ಜೋಳಕ್ಕೆ ಶೇಂಗಾ ಬೆರೆಸಿದ ಪುರಿಯಂಥ ತಿನಿಸನ್ನು ಚೀಪುತ್ತವೆ. ಅದೇ ವರ್ಷ ಅಮೆರಿಕದ ಅಕಾಡೆಮಿ ತನ್ನ ಹಳೆಯ ಸಲಹೆಗೆ ಆಧಾರ ಸಾಲದು ಎಂದು ಹಿಂದೆಗೆಯಿತು. ಆದರೆ ‘ಬೇಡ’ ಎಂದದ್ದನ್ನು ಬಿಟ್ಟಿತೇ ಹೊರತು ‘ಕೊಡಿ’ ಎನ್ನಲಿಲ್ಲ.

‘ಕೊಡಿ’ ಎನ್ನಲು ಧೈರ್ಯ ಬಂದದ್ದು 2015ರಲ್ಲಿ. ಲ್ಯಾಕ್ ತಂಡದ ಲೀಪ್ ಪ್ರಯೋಗದಲ್ಲಿ ನಾಲ್ಕರಿಂದ ಹನ್ನೊಂದು ತಿಂಗಳ 640 ಶಿಶುಗಳಿದ್ದವು, ಎಲ್ಲಕ್ಕೂ ತೀವ್ರ ಇಸಬು ಅಥವಾ ಮೊಟ್ಟೆಯ ಅಲರ್ಜಿ. ಅರ್ಧಕ್ಕೆ ಶೇಂಗಾ ತಿನ್ನಿಸಿದರು, ಅರ್ಧಕ್ಕೆ ತಪ್ಪಿಸಿದರು. ಐದು ವರ್ಷವಾದಾಗ ತಪ್ಪಿಸಿದವರಲ್ಲಿ ಶೇ 17.2 ಮಕ್ಕಳಿಗೆ ಶೇಂಗಾ ಅಲರ್ಜಿ, ತಿಂದವರಲ್ಲಿ ಶೇ 3.2. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ ಮತ್ತೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ನಡುವೆ ಶೇಂಗಾ ತಿಂದರೋ ಬಿಟ್ಟರೋ, ಚಿಕ್ಕಂದಿನ ರಕ್ಷಣೆ ಉಳಿದುಕೊಂಡಿತ್ತು. 2025ರಲ್ಲಿ ಬಂದ ಅಮೆರಿಕದ ಲೆಕ್ಕವೊಂದರ ಪ್ರಕಾರ, ಸಲಹೆ ಬದಲಾದ ಮೇಲೆ ಮೂರು ವರ್ಷದೊಳಗಿನ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇ 40ಕ್ಕೂ ಹೆಚ್ಚು ಇಳಿದಿದೆ.

ಈ ಕಥೆಯಲ್ಲಿ ನನಗೆ ವಿಚಿತ್ರವೆನಿಸಿದ ಅಡಿಟಿಪ್ಪಣಿ ಒಂದಿದೆ. ಶೇಂಗಾ ತಿಂದ ಮಕ್ಕಳು ಶೇಂಗಾಕ್ಕೆ ಮಾತ್ರ ಒಗ್ಗಿದರು. ಅವರ ಇಸಬು, ಅಸ್ತಮಾ, ಮಿಕ್ಕ ಅಲರ್ಜಿಗಳು ಇದ್ದ ಹಾಗೇ ಇದ್ದವು. ಮೈ ಒಂದೊಂದನ್ನೂ ಬೇರೆಬೇರೆಯಾಗಿ ಕಲಿಯುತ್ತದೆ.

*

ಹಾಗಾದರೆ ತಿನ್ನದ ಕೂಸಿಗೆ ಅಲರ್ಜಿ ಬಂದದ್ದು ಎಲ್ಲಿಂದ? ಉತ್ತರ: ಚರ್ಮದಿಂದ. ಯೂರೋಪಿನ ಮನೆಗಳ ದೂಳಿನಲ್ಲಿ, ಹಾಸಿಗೆಯಲ್ಲಿ ಶೇಂಗಾದ ಪ್ರೋಟೀನ್ ಸಿಕ್ಕಿದೆ. ಇಸಬಿನಿಂದ ಬಿರಿದ ಚರ್ಮದ ಮೂಲಕ ಅದು ಒಳಗೆ ಇಳಿಯುತ್ತದೆ. ಚರ್ಮದ ಕಟ್ಟಡಕ್ಕೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಇರುವವರಿಗೆ ಇಸಬು ಹೆಚ್ಚು ಎನ್ನುವುದು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಕೆಲಸ ಮಾಡುತ್ತಿದ್ದವರಿಂದ ತಿಳಿಯಿತು. ಶೇಂಗಾ ಎಣ್ಣೆ ಇರುವ ಮುಲಾಮು ಹಚ್ಚಿದ ಕೂಸುಗಳಲ್ಲಿ ಶೇಂಗಾ ಅಲರ್ಜಿ ಹೆಚ್ಚು ಎಂದು 2003ರಲ್ಲೇ ಗೊತ್ತಾಗಿತ್ತು.

ಮುಂಬಾಗಿಲಿನಿಂದ ಬಂದವನು ನೆಂಟ, ಹಿತ್ತಲ ಗೋಡೆ ಹಾರಿ ಬಂದವನು ಕಳ್ಳ, ಮನುಷ್ಯ ಅವನೇ. ಬಾಯಿಂದ ಮೊದಲು ಬಂದರೆ ಮೈ ಸುಮ್ಮನಿರುತ್ತದೆ, ಚರ್ಮದಿಂದ ಮೊದಲು ಬಂದರೆ ಕೂಗು ಹಾಕುತ್ತದೆ.

ಅಂದವಾದ ಸಿದ್ಧಾಂತ. ಹಾಗಿದ್ದರೆ ಹುಟ್ಟಿದ ದಿನದಿಂದ ಚರ್ಮಕ್ಕೆ ಲೇಪ ಹಚ್ಚಿ ಬಿರುಕು ಮುಚ್ಚಿದರೆ ಆಯಿತಲ್ಲ? ಬ್ರಿಟನ್ನಿನಲ್ಲಿ 1,394 ನವಜಾತ ಶಿಶುಗಳ ಮೇಲೆ ಅದನ್ನೇ ಮಾಡಿದರು, ಒಂದು ವರ್ಷ, ದಿನವೂ. 2020ರಲ್ಲಿ ಫಲಿತಾಂಶ: ಎರಡು ವರ್ಷಕ್ಕೆ ಲೇಪ ಹಚ್ಚಿದವರಲ್ಲಿ ಶೇ 23ಕ್ಕೆ ಇಸಬು, ಹಚ್ಚದವರಲ್ಲಿ ಶೇ 25ಕ್ಕೆ. ವ್ಯತ್ಯಾಸವೇ ಇಲ್ಲ ಅನ್ನಬೇಕು. ಸಾಲದ್ದಕ್ಕೆ ಮರುವರ್ಷ ಬಂದ ಇನ್ನೊಂದು ವಿಶ್ಲೇಷಣೆಯಲ್ಲಿ, ಕೂಸಿಗೆ ಪದೇಪದೇ ಎಣ್ಣೆ, ಕ್ರೀಮು ಹಚ್ಚಿದ ಮನೆಗಳಲ್ಲೇ ಆಹಾರದ ಅಲರ್ಜಿ ಹೆಚ್ಚು ಕಂಡಿತು. ಅಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಆಲಿವ್ ಎಣ್ಣೆ. ಹಚ್ಚುವ ಕೈಗೆ ಅಂಟಿದ ಆಹಾರವೂ ಎಣ್ಣೆಯ ಜೊತೆ ಚರ್ಮಕ್ಕೆ ಇಳಿಯುತ್ತದೆಯೇನೋ ಎಂದು ಸಂಶೋಧಕರ ಅನುಮಾನ.

ನಮ್ಮಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕದ ಮನೆ ಯಾವುದು? ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಅಂತೂ ಹಚ್ಚುತ್ತಾರೆ. ಇಲ್ಲಿ ಆಹಾರದ ಅಲರ್ಜಿ ಕಡಿಮೆ. ಎಣ್ಣೆಯದೇ ತಪ್ಪಾಗಿದ್ದರೆ ಇಲ್ಲಿ ಮನೆಗೊಬ್ಬ ರೋಗಿ ಇರಬೇಕಿತ್ತು.

*

ಶೇಂಗಾವನ್ನು ಬೇಯಿಸಿ ತಿಂದರೆ ಅಲರ್ಜಿಯ ಶಕ್ತಿ ತಗ್ಗುತ್ತದೆ, ಹುರಿದರೆ ಹೆಚ್ಚುತ್ತದೆ. ಚೀನಾದಲ್ಲಿ ಬೇಯಿಸುತ್ತಾರೆ, ಅಮೆರಿಕದಲ್ಲಿ ಹುರಿಯುತ್ತಾರೆ, ಅದಕ್ಕೇ ಈ ಭೇದ ಎಂದೊಂದು ವಾದ ಇದೆ. ಪ್ರಯೋಗಾಲಯದಲ್ಲಿ ಅದು ನಿಜವೂ ಹೌದು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಬೇಯಿಸಿದ ಕಾಯಿ ಮುಕ್ಕುವವರನ್ನು ನೋಡಿದರೆ ಒಪ್ಪಬಹುದು ಅನ್ನಿಸುತ್ತದೆ. ಆದರೆ ಧಾರವಾಡ, ವಿಜಯಪುರದ ಕಡೆ ಹೋಗಿ. ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಪಲ್ಯಕ್ಕೆ ಶೇಂಗಾ ಪುಡಿ, ಎಲ್ಲವೂ ಹುರಿದದ್ದು. ಅಲ್ಲಿ ಊಟದ ತಾಟಿನಿಂದ ಶೇಂಗಾ ತೆಗೆದರೆ ಉಳಿಯುವುದು ರೊಟ್ಟಿ ಮಾತ್ರ. ಕೂಸು ತಾಯಿಯ ತೊಡೆಯ ಮೇಲೆ ಕೂತೇ ಆ ಪುಡಿಯನ್ನು ಬೆರಳಿಗೆ ಹಚ್ಚಿ ನೆಕ್ಕುತ್ತದೆ. ನನಗೆ ಬೇಯಿಸುವ ವಾದಕ್ಕಿಂತ ಬೇಗ ನೆಕ್ಕುವ ವಾದವೇ ಹೆಚ್ಚು ನಂಬಿಕೆಗೆ ಅರ್ಹ.

ಒಂದು ಎಚ್ಚರಿಕೆ ಬರೆದಿಡಬೇಕು. ಇಡೀ ಕಾಳು ಕೂಸಿನ ಗಂಟಲಿಗೆ ಸಿಕ್ಕಿಕೊಂಡು ಉಸಿರು ನಿಲ್ಲಿಸುತ್ತದೆ. ಪುಡಿ ಮಾಡಿ, ಗಂಜಿಗೆ ಕಲಸಿ ಕೊಡಬೇಕು. ತೀವ್ರ ಇಸಬು ಇರುವ ಕೂಸಾದರೆ ಮೊದಲು ವೈದ್ಯರಿಗೆ ತೋರಿಸಬೇಕು.

*

ಐಜಿಇ ಪತ್ತೆಯಾದ ಕಥೆ. 1921, ಜರ್ಮನಿ. ಹೈಂಜ್ ಕುಸ್ಟ್ನರ್ ಎಂಬ ವೈದ್ಯನಿಗೆ ಬೇಯಿಸಿದ ಮೀನು ಆಗಿಬರುತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದ ಕಾರ್ಲ್ ಪ್ರೌಸ್ನಿಟ್ಸ್ ಆತನ ರಕ್ತದ ದ್ರವವನ್ನು ತನ್ನದೇ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡ. ಗಂದೆ ಎದ್ದಿತು. ಅಲರ್ಜಿ ರಕ್ತದಲ್ಲಿ ಕೂತಿದೆ ಎಂದು ಗೊತ್ತಾಯಿತು. ಆ ವಸ್ತು ಐಜಿಇ ಎಂದು ತಿಳಿಯಲು ಮತ್ತೆ 45 ವರ್ಷ ಬೇಕಾಯಿತು. ಅಮೆರಿಕದಲ್ಲಿದ್ದ ಜಪಾನಿನ ಇಶಿಜಾಕಾ ದಂಪತಿ 1966ರಲ್ಲಿ ಅದನ್ನು ಗುರುತಿಸಿದರು. ಸ್ವೀಡನ್ನಿನಲ್ಲಿ ಇನ್ನೊಂದು ತಂಡ ಬೇರೆಯಾಗಿ ಅದನ್ನೇ ಕಂಡುಹಿಡಿಯಿತು.

ಆ ಐಜಿಇಯನ್ನು ರಕ್ತದಲ್ಲೇ ಹಿಡಿದು ಕಟ್ಟಿಹಾಕುವ ಔಷಧ ಒಮಾಲಿಜುಮ್ಯಾಬ್. ಅಮೆರಿಕದಲ್ಲಿ 2003ರಿಂದ ಅಸ್ತಮಾಕ್ಕೆ ಕೊಡುತ್ತಿದ್ದರು. 2024ರ ಫೆಬ್ರುವರಿಯಲ್ಲಿ ಆಹಾರದ ಅಲರ್ಜಿಗೂ ಒಪ್ಪಿಗೆ ಸಿಕ್ಕಿತು. ಪ್ರಯೋಗದಲ್ಲಿ ಚುಚ್ಚುಮದ್ದು ಪಡೆದವರಲ್ಲಿ ಶೇ 67 ಜನ 600 ಮಿಲಿಗ್ರಾಂ ಶೇಂಗಾ ಪ್ರೋಟೀನ್ ತಿಂದು ತಾಳಿಕೊಂಡರು, ಹುಸಿಮದ್ದು ಪಡೆದವರಲ್ಲಿ ಶೇ 7 ಮಾತ್ರ. 600 ಮಿಲಿಗ್ರಾಂ ಅಂದರೆ ಎರಡು ಮೂರು ಕಾಳು. ಹೊಟ್ಟೆ ತುಂಬ ತಿನ್ನಲಿಕ್ಕಲ್ಲ, ಗೊತ್ತಿಲ್ಲದೆ ಬಾಯಿಗೆ ಬಿದ್ದರೆ ಜೀವ ಉಳಿಸಲಿಕ್ಕೆ. ಚುಚ್ಚುಮದ್ದು ನಿಲ್ಲಿಸಿದರೆ ರಕ್ಷಣೆಯೂ ನಿಲ್ಲುತ್ತದೆ. ಬೆಲೆಯಂತೂ ನಮ್ಮ ಕೈಗೆಟುಕುವಂಥದ್ದಲ್ಲ.

*

ಕೊಳಕು ಒಳ್ಳೆಯದೇ? 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬಾತ, ಒಡಹುಟ್ಟಿದವರು ಹೆಚ್ಚಿರುವ ಮನೆಯ ಮಕ್ಕಳಿಗೆ ಪರಾಗದ ನೆಗಡಿ ಕಡಿಮೆ ಎಂದು ಬರೆದ. ಬರ್ಲಿನ್ ಗೋಡೆ ಬಿದ್ದ ಮೇಲೆ ಎರಿಕಾ ಫಾನ್ ಮುಟಿಯುಸ್ ಎಂಬ ಸಂಶೋಧಕಿ ಪೂರ್ವ ಜರ್ಮನಿಯ ಲೈಪ್‌ಜಿಗ್‌ನ ಹೊಗೆ ತುಂಬಿದ ಊರಿನಲ್ಲಿ ಅಲರ್ಜಿ ಹೆಚ್ಚಿರುತ್ತದೆ ಎಂದು ಹುಡುಕಿದರು. ಶುಭ್ರವಾದ ಮ್ಯೂನಿಕ್ಕಿನಲ್ಲೇ ಹೆಚ್ಚು ಸಿಕ್ಕಿತು. 2016ರಲ್ಲಿ ಇನ್ನೂ ಸೊಗಸಾದ ಹೋಲಿಕೆ. ಅಮೆರಿಕದ ಆಮಿಶರು ಮತ್ತು ಹಟರೈಟರು ಎಂಬ ಎರಡು ಕ್ರೈಸ್ತ ಪಂಗಡದವರು, ಇಬ್ಬರೂ ಆಲ್ಪ್ಸ್ ಸೀಮೆಯ ಮೂಲದವರು, ಇಬ್ಬರೂ ಒಕ್ಕಲಿಗರು, ಇಬ್ಬರ ಮನೆಯಲ್ಲೂ ಟಿವಿ ಇಲ್ಲ. ಆಮಿಶರ ಮಕ್ಕಳಲ್ಲಿ ಅಸ್ತಮಾ ಶೇ 5, ಹಟರೈಟರಲ್ಲಿ ಶೇ 21. ಆಮಿಶರದು ಹಳೆಯ ಬಗೆಯ ಹೈನು, ಕೊಟ್ಟಿಗೆ ಮನೆಯ ಪಕ್ಕದಲ್ಲೇ, ಮಕ್ಕಳು ಅಲ್ಲೇ ಆಡುತ್ತವೆ. ಹಟರೈಟರದು ಯಂತ್ರಗಳ ದೊಡ್ಡ ಸಾಮೂಹಿಕ ಬೇಸಾಯ, ಹಸುಗಳು ದೂರ. ಆಮಿಶರ ಮನೆಯ ದೂಳಿನಲ್ಲಿ ಬ್ಯಾಕ್ಟೀರಿಯಾದ ಅಂಶ ಸುಮಾರು ಏಳು ಪಟ್ಟು. ಆ ದೂಳನ್ನು ಇಲಿಗಳ ಮೂಗಿಗೆ ಹಾಕಿದರೆ ಅವುಗಳಿಗೂ ಅಸ್ತಮಾದಿಂದ ರಕ್ಷಣೆ.

ಓದಿ ಹಿಗ್ಗಬೇಡಿ. ಕೊಟ್ಟಿಗೆಯ ಪಕ್ಕವೇ ಸೌದೆ ಒಲೆಯೂ ಇರುವ ಮನೆ ನಮ್ಮದು. ಸಗಣಿ ಕೊಟ್ಟದ್ದನ್ನು ಹೊಗೆ ಕಸಿದುಕೊಳ್ಳುತ್ತದೆ.

*

ಬೆಂಗಳೂರು. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ 1979ರಿಂದ 20 ವರ್ಷಗಳ ಅಂತರದಲ್ಲಿ ಒಟ್ಟು 20,000 ಮಕ್ಕಳ ಲೆಕ್ಕ ಇಟ್ಟರು. 1979ರಲ್ಲಿ ಶೇ 9ರಷ್ಟು ಮಕ್ಕಳಿಗೆ ಅಸ್ತಮಾ, 1989ರಲ್ಲಿ ಶೇ 18.5, 1999ರಲ್ಲಿ ಶೇ 29.5. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ಊರಿಗೆ ಹೊಂದಿಸಬಾರದು. ಆದರೂ ಏರಿಕೆ ಏರಿಕೆಯೇ. ವಾಹನಗಳ ಹೊಗೆಯ ಮೇಲೆ ಎಲ್ಲರ ಕಣ್ಣು. ಕಾಂಗ್ರೆಸ್ ಗಿಡವನ್ನು ಮರೆಯಬಾರದು. ಐವತ್ತರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಕಳೆ ನಮ್ಮ ಖಾಲಿ ಸೈಟುಗಳನ್ನೆಲ್ಲ ಆಕ್ರಮಿಸಿತು. ಅದರ ಪರಾಗದಿಂದ ಬೆಂಗಳೂರಿನ ಶೇ 7 ಜನರಿಗೆ ಮೂಗಿನ ಅಲರ್ಜಿ ಎಂದು 1991ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು.

*

2016ರ ನವೆಂಬರ್ 21ರ ಸಂಜೆ ಮೆಲ್ಬರ್ನ್‌ನಲ್ಲಿ ಗುಡುಗು ಮಳೆ. ಸುತ್ತಲಿನ ರೈ ಹುಲ್ಲಿನ ಪರಾಗ ಮೋಡದ ತೇವಕ್ಕೆ ಒಡೆದು ನುಣ್ಣನೆ ಪುಡಿಯಾಗಿ ಊರ ಮೇಲೆ ಇಳಿಯಿತು. ಇಡೀ ಪರಾಗ ಮೂಗಿನಲ್ಲೇ ನಿಲ್ಲುತ್ತದೆ, ಒಡೆದ ಚೂರು ಶ್ವಾಸಕೋಶದ ತಳ ಮುಟ್ಟುತ್ತದೆ. 30 ಗಂಟೆಗಳಲ್ಲಿ ವಾಡಿಕೆಗಿಂತ 3,365 ಜನ ಹೆಚ್ಚು ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು. ಹತ್ತು ಮಂದಿ ಸತ್ತರು. ಅನೇಕರಿಗೆ ಅದುವರೆಗೆ ಅಸ್ತಮಾ ಇದೆ ಎಂಬುದೇ ಗೊತ್ತಿರಲಿಲ್ಲ, ವಸಂತದಲ್ಲಿ ಸೀನು ಬರುತ್ತಿತ್ತು ಅಷ್ಟೇ. ಸಿಕ್ಕಿಬಿದ್ದವರಲ್ಲಿ ಭಾರತ ಮೂಲದವರ ಪಾಲು ಜನಸಂಖ್ಯೆಗೆ ಮೀರಿದ್ದು. ಇಲ್ಲಿಂದ ಹೋಗುವಾಗ ಗಟ್ಟಿಯಾಗಿದ್ದ ಮೈ, ಅಲ್ಲಿನ ಹುಲ್ಲಿಗೆ ಕೆಲವೇ ವರ್ಷಗಳಲ್ಲಿ ಇಷ್ಟು ಕೆರಳುವುದೇಕೆ? ಅಲ್ಲಿರುವ ಕನ್ನಡಿಗರಿಗೆ ಹೇಳಬೇಕಾದ್ದು: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನಿಮಗೆ ಸೀನು ಬರುತ್ತಿದ್ದರೆ ವೈದ್ಯರನ್ನು ಕಾಣಿ, ಬಿರುಗಾಳಿಯ ಮುನ್ಸೂಚನೆ ಇದ್ದ ಸಂಜೆ ಕಿಟಕಿ ಮುಚ್ಚಿ ಒಳಗಿರಿ.

*

ಕೊನೆಯ ಗೊಂದಲ ಗೊಂದಲವೇ ಅಲ್ಲ, ನಾಚಿಕೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಶೇ 13 ಭಾರತದಲ್ಲಿದ್ದಾರೆ, ಸುಮಾರು 3.4 ಕೋಟಿ. ಅಸ್ತಮಾದಿಂದ ಸಾಯುವವರಲ್ಲಿ ಶೇ 42 ಭಾರತದವರು. ಹೊಸ ಔಷಧಗಳ ಸುದ್ದಿಗೆ ಬರವಿಲ್ಲ. 2024ರಲ್ಲಿ ಬೆನ್ರಲಿಜುಮ್ಯಾಬ್ ಎಂಬ ಚುಚ್ಚುಮದ್ದನ್ನು ಅಸ್ತಮಾ ಏರಿದ ಗಳಿಗೆಯಲ್ಲೇ ಕೊಟ್ಟು ನೋಡಿದರು. ಸ್ಟೀರಾಯ್ಡ್ ಮಾತ್ರೆ ಮಾತ್ರ ಪಡೆದವರಲ್ಲಿ 90 ದಿನಗಳೊಳಗೆ ಶೇ 74ಕ್ಕೆ ಚಿಕಿತ್ಸೆ ಸೋತಿತು, ಚುಚ್ಚುಮದ್ದು ಪಡೆದವರಲ್ಲಿ ಶೇ 45ಕ್ಕೆ. ಒಳ್ಳೆಯದೇ. ಆದರೆ ನಮ್ಮವರು ಸಾಯುತ್ತಿರುವುದು ಹೊಸ ಔಷಧ ಇಲ್ಲದೆ ಅಲ್ಲ, ಹಳೆಯ ಪಂಪನ್ನು, ಅಂದರೆ ಇನ್ಹೇಲರನ್ನು, ಎಳೆದುಕೊಳ್ಳದೆ.

ಪಂಪು ಅಭ್ಯಾಸವಾಗಿಬಿಡುತ್ತದೆ, ಮದುವೆಗೆ ಮುಂಚೆ ಹುಡುಗಿ ಕೈಯಲ್ಲಿ ಪಂಪು ಕಾಣಬಾರದು, ಸ್ಟೀರಾಯ್ಡ್ ಅಂದರೆ ವಿಷ: ಈ ಮಾತುಗಳನ್ನು ಓದಿದವರ ಬಾಯಲ್ಲೂ ಕೇಳಿದ್ದೇನೆ. ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಉಬ್ಬಸಕ್ಕೆ ಮದ್ದೆಂದು ಜೀವಂತ ಮೀನು ನುಂಗಲು ನಿಲ್ಲುವ ಸಾಲಿಗೆ ನಮ್ಮ ರಾಯಚೂರು, ಬೀದರಿನಿಂದಲೂ ಬಸ್ಸು ಹತ್ತುತ್ತಾರೆ. ಮೀನಿಗಿರುವ ನಂಬಿಕೆ ಪಂಪಿಗಿಲ್ಲ.

ಈ ಕ್ಷೇತ್ರದಲ್ಲಿ ನನಗೆ ಗೊಂದಲವಿಲ್ಲದೆ ಅರ್ಥವಾದ ಸಂಶೋಧನೆ ಈ ಪಂಪಿನದೊಂದೇ. ದಮ್ಮು ಕಟ್ಟಿದಾಗ ಎಳೆಯುವ ನೀಲಿ ಪಂಪು, ಅಂದರೆ ಸಾಲ್ಬುಟಮಾಲ್, ಕೊಳವೆಯನ್ನು ಅಗಲಿಸುತ್ತದೆ, ಒಳಗಿನ ಊತವನ್ನು ಮುಟ್ಟುವುದಿಲ್ಲ. ಸಲೀಸಾಗಿ ಉಸಿರಾಡುತ್ತಲೇ ರೋಗ ಬೆಳೆಯುತ್ತದೆ. 2018ರ ಒಂದು ದೊಡ್ಡ ಪ್ರಯೋಗದಲ್ಲಿ ಬೇಕೆನಿಸಿದಾಗ ಬರಿಯ ಕೊಳವೆ ಅಗಲಿಸುವ ಮದ್ದು ಎಳೆದವರಿಗಿಂತ, ಅದರ ಜೊತೆ ಸ್ವಲ್ಪ ಸ್ಟೀರಾಯ್ಡ್ ಸೇರಿದ ಬುಡೆಸೊನೈಡ್-ಫಾರ್ಮೊಟೆರಾಲ್ ಪಂಪು ಎಳೆದವರಲ್ಲಿ ತೀವ್ರ ದಾಳಿಗಳು ಶೇ 64 ಕಡಿಮೆಯಾದವು. 2019ರಲ್ಲಿ ಜಾಗತಿಕ ಅಸ್ತಮಾ ಮಾರ್ಗಸೂಚಿ ಬದಲಾಯಿತು: ದೊಡ್ಡವರಿಗೂ ಹದಿಹರೆಯದವರಿಗೂ ನೀಲಿ ಪಂಪು ಒಂದನ್ನೇ ಕೊಡಬೇಡಿ. ಪಂಪಿನಲ್ಲಿರುವ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸಕೋಶಕ್ಕೆ ಹೋಗುವಂಥದ್ದು. ಮಾತ್ರೆಯದು ಮಿಲಿಗ್ರಾಂ ಲೆಕ್ಕ, ಇಡೀ ಮೈಗೆ.

ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಇವತ್ತೇ ಎಣಿಸಿ ನೋಡಿ. ವರ್ಷಕ್ಕೆ ಮೂರು ನೀಲಿ ಡಬ್ಬಿ ಖಾಲಿಯಾಗುತ್ತಿದ್ದರೆ ಅಪಾಯ ಶುರುವಾಗಿದೆ. ಖಾಲಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಔಷಧದ ಅಂಗಡಿಗಲ್ಲ, ಡಾಕ್ಟರ ಹತ್ತಿರ ಹೋಗಿ.